ಜಗಳೂರು ಗುಡ್ಡದ ನರಿಯವರಲ್ಲಿ ಮುಖ ತೋರಿಸುವಂತೆ ಅರಿಕೆ

ಜಗಳೂರು
ಫೆಬ್ರವರಿ ೧೯೮೩

ಮಾನ್ಯ ನರಿಯವರೇ,

ಗುಡ್ಡದ ಬಿಲದಲ್ಲಿ ಸಂಸಾರ ಸಮೇತ ಸುಖವಾಗಿರುವ ತಮಗೆ, ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡು ಇನ್ನೂ ಒಂಟಿಯಾಗಿಯೇ ಇರುವ ಓಂಕಾರಪ್ಪನು ಕ್ಯಾಮೆರಾ ಕೆಳಗಿಟ್ಟು, ಎರಡೂ ಕೈ ಜೋಡಿಸಿ ಮಾಡಿಕೊಳ್ಳುವ ಅರಿಕೆ.

ಹೊನ್ನಾಳಿಯ ಚೌಡಮ್ಮನವರ ಮಗಳು ಅಂಜಿನಮ್ಮನನ್ನು ನಾನು ನೋಡಿಬಂದದ್ದು, ಆಕೆ ನನ್ನ ಬೆಲ್‌ಬಾಟಂ ಪ್ಯಾಂಟು ನೋಡಿ ನಕ್ಕದ್ದು, ಅದನ್ನು ನಾನು ಒಪ್ಪಿಗೆಯೆಂದೇ ತಿಳಿದದ್ದು ತಮಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಖುಲಾಯಿಸುತ್ತದೆಂದು ಗಟ್ಟಿಯಾಗಿ ನಂಬಿರುವ ಚೌಡಮ್ಮನವರು, “ಫೋಟೋದವನು ಅಂತೀಯ, ಮಂಚದ ಎದುರಿಗೆ ತೂಗುಹಾಕಾಕೆ ಒಂದು ನರಿ ಮುಖ ತಗಂಡು ಬಾರಪ್ಪ, ಆಮ್ಯಾಲೆ ಹುಡುಗಿ ಮಾತು” ಎಂದುಬಿಟ್ಟರು. ಅಂದಿನಿಂದ ನನ್ನ ಮದುವೆ ತಮ್ಮ ಮುಖದ ಮೇಲೆ ನಿಂತಿದೆ.

ತಮಗಾಗಿ ನಾನು ಮೈತುಂಬ ಬೇವಿನ ಸೊಪ್ಪು ಕಟ್ಟಿಕೊಂಡು ಪೊದೆಯಂತೆ ಕೂತೆ. ಯಾವ ದೇವಿಗೆ ಹರಕೆ ಎಂದು ದಾರಿಯವರು ಕೇಳಿದರು. ಮೇಕೆಗಳು ಏನೂ ಕೇಳದೆ ತಿಂದವು. ಕೊನೆಗೂ ತಾವು ಬಿಲದಿಂದ ಹೊರಬಂದು ನನ್ನ ಕಡೆಗೇ ಮುಖಮಾಡಿ ಕೂತಿರಿ. ಆದರೆ ಕಸುಬಿನ ಮರ್ಯಾದೆಯಂತೆ ನಾನು “ಸ್ವಲ್ಪ ಗದ್ದ ಮ್ಯಾಲೆ, ರೆಡಿ!” ಎಂದು ಕೂಗಿದ್ದೇ ತಡ, ಬೆನ್ನು ತಿರುಗಿಸಿ ಓಡುವುದು ಯಾವ ಸೀಮೆಯ ಸಭ್ಯತೆ? ನನ್ನ ಸ್ಟುಡಿಯೋದಲ್ಲಿ ಆ ಮಾತಿಗೆ ತಹಸೀಲ್ದಾರರೇ ಉಸಿರು ಬಿಗಿಹಿಡಿದು ಕೂತಿದ್ದಾರೆ. ಹೇಳದೆ ಕೇಳದೆ ಫೋಟೋ ತೆಗೆಯುವುದು ಕಳ್ಳತನವೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರಿಂದ, ಪ್ರತಿ ಸಲವೂ ನಾನು ಕೂಗಿದೆ, ಪ್ರತಿ ಸಲವೂ ತಾವು ಓಡಿದಿರಿ.

ರೋಲು ತೊಳೆದು ನೋಡಿದರೆ ಬರೀ ಬಾಲ. ಬಾಲವೇನೋ ಅತಿ ಸುಂದರವಾಗಿದೆ, ಸುಳ್ಳು ಹೇಳಲಾರೆ. ಇದ್ದುದರಲ್ಲಿ ಒಳ್ಳೆಯದನ್ನು ಕಟ್ಟು ಹಾಕಿಸಿ ಒಯ್ದಾಗ ಚೌಡಮ್ಮನವರು ಮುಖ ಆ ಕಡೆ ಇರಬಹುದೆಂದು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. “ಅದೃಷ್ಟ ಎದ್ದು ಹೋಗೋದನ್ನ ದಿನಾ ನೋಡಾಕೆ ಮನ್ಯಾಗೆ ಇಟ್ಕಬೇಕೇನಪ್ಪ?” ಎಂದು ಕೇಳಿ, ನ್ಯಾಮತಿಯ ವರನೊಬ್ಬನ ಹೆಸರು ತೆಗೆದರು. ನನಗೆ ಅಳುವೇ ಬಂತು.

ಆದಕಾರಣ ತಾವು ದಯಮಾಡಿ ಸ್ಟುಡಿಯೋಕ್ಕೇ ಚಿತ್ತೈಸಬೇಕು. ಪೌಡರು, ಬಾಚಣಿಗೆ, ಜಲಪಾತ ಬರೆದ ಪರದೆ ಎಲ್ಲ ಸಿದ್ಧವಿದೆ. ಸಂಕೋಚವಾದರೆ ಮನೆಯವರನ್ನೂ ಕರೆತಂದು ಜೋಡಿಯಾಗಿ ಕೂರಬಹುದು. ಕೈಯಲ್ಲಿ ಹಿಡಿದುಕೊಳ್ಳಲು ಕೋಳಿ ಕೊಡುತ್ತೇನೆ. ಹೋಗುವಾಗ ವಾಪಸು ಕೊಟ್ಟರೆ ಸಂತೋಷ.

ಮುಖದರ್ಶನಕ್ಕೆ ಕಾದು ಕೂತಿರುವ,
ತಮ್ಮ ವಿಶ್ವಾಸಿ,
ಓಂಕಾರಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹೊನ್ನಾಳಿಯ ಸುದ್ದಿ ಬಂತು. ಮೊನ್ನೆ ಚೌಡಮ್ಮನವರು ಬೆಳಿಗ್ಗೆ ಕದ ತೆಗೆದಾಗ ತಾವೋ, ತಮ್ಮ ದಾಯಾದಿಯೋ ಅವರ ಅಂಗಳದಲ್ಲೇ ನಿಂತು, ಯಾರೂ ಹೇಳದಿದ್ದರೂ ಮುಖ ನೆಟ್ಟಗೆ ತೋರಿಸಿದಿರಂತೆ. ಅದೇ ದಿನ ನ್ಯಾಮತಿಯವರು ಬಂದು ಹುಡುಗಿಯನ್ನು ಒಪ್ಪಿಕೊಂಡರಂತೆ. ಮದುವೆಯ ಫೋಟೋ ತೆಗೆಯುವ ಅದೃಷ್ಟ ಮಾತ್ರ ನನಗೇ ಒದಗಿದೆ, ತಮಗೆ ಅನಂತ ವಂದನೆಗಳು.