ಪುಷ್ಯ ಶುದ್ಧ ಚೌತಿಯ ಕ್ರಿಸ್‌ಮಸ್

ಯೇಸುಸ್ವಾಮಿಗೆ ಪಂಚಾಂಗ ನೋಡಿದ ಪುರೋಹಿತರು ಇಡೀ ಶಿವಮೊಗ್ಗದಲ್ಲಿ ನನ್ನ ಚಿಕ್ಕಪ್ಪ ಒಬ್ಬರೇ!

ಒಮ್ಮೆ ಕ್ರಿಸ್‌ಮಸ್ ದಿನವೇ ಸತ್ಯನಾರಾಯಣ ಪೂಜೆ ಮಾಡಿಸಲು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೋದವರು, ಪಕ್ಕದ ಕ್ರೈಸ್ತರ ಮನೆಯಲ್ಲಿ ಬಣ್ಣದ ಕಾಗದ ಕಟ್ಟಿದ ಸರ್ವೆ ಗಿಡ ನೋಡಿದರು. ಅದಕ್ಕೆ ಎರಡು ರೂಪಾಯಿಯಂತೆ! ಆ ದಿನದ ದಕ್ಷಿಣೆ ಒಂದೂಕಾಲು. ತಲೆ ಕೆಡದೆ ಇರುತ್ತದೆಯೇ?

ರಾಗಿಗುಡ್ಡದ ಬುಡದಲ್ಲಿ ಚಿಕ್ಕಮ್ಮನಿಗೆ ತವರಿನವರು ಕೊಟ್ಟ ಹೊಲವಿತ್ತು. ಮನೆಗೆ ವರ್ಷದ ರಾಗಿ ಬರುತ್ತಿದ್ದುದು ಅಲ್ಲಿಂದಲೇ. ಅಲ್ಲಿ ಇನ್ನೂರು ಸರ್ವೆ ಸಸಿ ನೆಟ್ಟರು. ಸಸಿಗಿಷ್ಟು, ನೀರು ಹೊರುವವನಿಗಿಷ್ಟು, ಮೇಕೆ ತಿಂದವುಗಳ ಬದಲಿಗೆ ಮತ್ತಿಷ್ಟು. ಖರ್ಚು ಗಿಡಕ್ಕಿಂತ ಬೇಗ ಬೆಳೆಯಿತು.

"ಎರಡು ವರ್ಷ ರಾಗಿ ಕೊಂಡು ತಿಂದಿದ್ದಾಯ್ತು. ಈ ಸಲ ಮಾರದಿದ್ರೆ ಎಲ್ಲಾ ಕಿತ್ತು ರಾಗಿ ಬಿತ್ತಿಸ್ತೀನಿ" ಎಂದರು ಚಿಕ್ಕಮ್ಮ.

"ನಾನ್ನೂರು ರೂಪಾಯಿ ಬರುತ್ತೆ ಮಾರಾಯ್ತಿ, ಸುಮ್ನಿರು!"

ಡಿಸೆಂಬರ್ ಬಂತು. ಕಾಲೇಜಿನಲ್ಲಿದ್ದ ನಾನು ಬುದ್ಧಿ ಹೇಳಹೋದೆ. "ಚಿಕ್ಕಪ್ಪ, ಕ್ರಿಸ್‌ಮಸ್ ಇಪ್ಪತ್ತೈದಕ್ಕೆ. ಬೇಗ ಕಡಿಸಿ."

"ತಾರೀಖು ಆಫೀಸಿಗೆ ಕಣೋ, ಹಬ್ಬಕ್ಕೆ ತಿಥಿ! ಅವತ್ತು ಭದ್ರಾವತೀಲಿ ಸಂಕಲ್ಪ ಹೇಳಿದೋನು ನಾನೇ ಅಲ್ವಾ? ಪುಷ್ಯ ಶುದ್ಧ ಚೌತಿ. ನಡುವೆ ಅಧಿಕ ಮಾಸ ಬಂದಿದೆ, ಹಬ್ಬ ಮುಂದಕ್ಕೆ ಹೋಗಿದೆ."

ಗಣಪತಿಗೂ ಚೌತಿ, ಯೇಸುವಿಗೂ ಚೌತಿ! ವಾದ ಮಾಡುವವರು ಯಾರು?

ಚೌತಿಯ ದಿನ ಐವತ್ತು ಗಿಡ ಕಡಿದು, ಗಾಡಿಗೆ ಹೇರಿ ಹೊರಟೆವು. ಕ್ವಾರ್ಟರ್ಸಿನಲ್ಲಿ ಹಬ್ಬ ಮುಗಿದು ವಾರ ಕಳೆದಿತ್ತು. ಜನ ಒಣಗಿದ ಗಿಡಗಳನ್ನು ನೀರೊಲೆಗೆ ತುರುಕುತ್ತಿದ್ದರು!

"ಏನ್ ಅಯ್ಯರೇ, ಬರೋ ವರ್ಷದ್ದು ಈಗ್ಲೇ ತಂದ್ರಾ?" ಎಂದು ಒಬ್ಬ ನಕ್ಕ. ಚಿಕ್ಕಪ್ಪ ಇಂಗು ತಿಂದ ಮಂಗನಂತಾದರು.

ಕೊನೆಯ ಮನೆಯ ಹೆಂಗಸೊಬ್ಬಳು ಮಾತ್ರ ಗಾಡಿಯ ಹತ್ತಿರ ಓಡಿ ಬಂದಳು. "ಒಂದು ಗಿಡ ಕೊಡಿ ಸ್ವಾಮಿ. ಟೈಫಾಯ್ಡ್ ಆಗಿ ನಮ್ಮನೆಯವ್ರು ಹಬ್ಬದಲ್ಲಿ ಆಸ್ಪತ್ರೇಲಿದ್ರು. ಬದುಕ್ತಾರೋ ಇಲ್ವೋ ಅಂತಿತ್ತು. ಇವತ್ತು ಬಂದ್ರು. ನಮಗೆ ಇವತ್ತೇ ಹಬ್ಬ."

ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೋಡಿದ್ಯಾ, ಪಂಚಾಂಗ!" ಎಂದರು. ಇರುವುದರಲ್ಲೇ ಚೆಂದದ ಗಿಡ ಆರಿಸಿ ತಾವೇ ಒಳಗಿಟ್ಟು ಬಂದರು. ದುಡ್ಡು ಮುಟ್ಟಲಿಲ್ಲ. ಉಳಿದವನ್ನು ಮಾಚೇನಹಳ್ಳಿಯ ಹೋಟೆಲಿನವನು ಸೌದೆಗೆಂದು ನಾಲ್ಕು ರೂಪಾಯಿಗೆ ಇಳಿಸಿಕೊಂಡ. ಗಾಡಿ ಬಾಡಿಗೆ ಐದು!

ದುರ್ಗಿಗುಡಿಯ ಮನೆಯಲ್ಲಿ ಚಿಕ್ಕಪ್ಪ ಆ ಹೆಂಗಸಿನ ಕತೆಯನ್ನೂ ಸೇರಿಸಿ ನಡೆದದ್ದೆಲ್ಲ ಹೇಳಿ, ತಲೆ ತಗ್ಗಿಸಿ ಕೂತರು. "ನಾಳೆನೇ ಆಳು ಕರೆಸ್ತೀನಿ. ಎಲ್ಲಾ ಕಿತ್ತುಬಿಡೋಣ."

ಚಿಕ್ಕಮ್ಮ ಬೈಯುತ್ತಾರೆಂದು ನಾನು ಕಾದೆ. ಅವರು ತಟ್ಟೆಗೆ ಬಿಸಿ ಅನ್ನ ಬಡಿಸಿದರು.

"ಬೇಲಿ ಕಡೆ ಒಂದು ಸಾಲು ಇರ್ಲಿ ಬಿಡಿ. ಬರೋ ವರ್ಷ ಅವಳಿಗೆ ಯಾರು ಕೊಡ್ತಾರೆ?"