ಅವಧಿಗೆ ಮುಂಚೆ ಗುಣವಾದ ದರ್ಜಿಯ ಪ್ರಕರಣ

ನಮ್ಮ ಸಂಸ್ಥೆ ಸ್ಥಾಪನೆಯಾದ ಹದಿನಾಲ್ಕು ವರ್ಷಗಳಲ್ಲಿ ಯಾವ ರೋಗಿಯೂ ನಿಯಮಕ್ಕೆ ವಿರುದ್ಧವಾಗಿ ಗುಣವಾದ ಉದಾಹರಣೆ ಇರಲಿಲ್ಲ. ಕಳೆದ ಸಾಲಿನಲ್ಲಿ ಒಬ್ಬ ದರ್ಜಿ ಹಾಗೆ ಗುಣವಾದ. ಸದರಿ ವಿಷಯವಾಗಿ ಹೊರಗೆ ನಾನಾ ಮಾತು ಕೇಳಿಬರುತ್ತಿರುವುದರಿಂದ, ಕಚೇರಿ ಅಧೀಕ್ಷಕನಾದ ನಾನು ಕಡತದಲ್ಲಿರುವ ಸಂಗತಿಗಳನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಸಲ್ಲಿಸುತ್ತಿದ್ದೇನೆ.

ಸಂಸ್ಥೆ ಇರುವುದು ಕನ್ನಡಕದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಮನೋಚಿಕಿತ್ಸಕರಿಗೆ ಮನೋವಿಶ್ಲೇಷಣೆಯ ಸಿದ್ಧಾಂತವನ್ನೂ ಪ್ರಯೋಗವನ್ನೂ ಹೇಳಿಕೊಡುವುದು ನಮ್ಮ ಉದ್ದೇಶ. ಕಲಿಯುವ ಹಂಬಲದಿಂದ ಯಾರೂ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಮೂರು ವರ್ಷಕ್ಕೊಮ್ಮೆ ನಮ್ಮ ಪ್ರಮಾಣಪತ್ರ ತೋರಿಸದಿದ್ದರೆ ಮಂಡಳಿಯು ಅವರ ಪರವಾನಗಿ ನವೀಕರಿಸುವುದಿಲ್ಲ, ಅದಕ್ಕೆ ಬರುತ್ತಾರೆ. ಶನಿವಾರ ಸಿದ್ಧಾಂತದ ಪಾಠ. ಉಳಿದ ದಿನ ಪ್ರಯೋಗ. ಒಬ್ಬನೇ ರೋಗಿಯನ್ನು ವಾರಕ್ಕೊಂದು ಗಂಟೆಯಂತೆ ಒಟ್ಟು ನಲವತ್ತು ಗಂಟೆ ಉದ್ದ ಸೋಫಾದ ಮೇಲೆ ಮಲಗಿಸಿ, ಅವನ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಮಾತು ಕೇಳಬೇಕು.

ನಿಯಮ ಹನ್ನೊಂದರ ಪ್ರಕಾರ ರೋಗಿಯು ಮೊದಲನೆಯ ಗಂಟೆಯಿಂದ ನಲವತ್ತನೆಯ ಗಂಟೆಯವರೆಗೆ ರೋಗಿಯಾಗಿಯೇ ಇರತಕ್ಕದ್ದು. ನಡುವೆ ಗುಣವಾದಲ್ಲಿ ಅಲ್ಲಿಯವರೆಗಿನ ಗಂಟೆಗಳೆಲ್ಲ ರದ್ದಾಗತಕ್ಕದ್ದು. ಇದನ್ನು ಟೈಪು ಮಾಡಿದವನು ನಾನೇ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನಮ್ಮ ನಿರ್ದೇಶಕರ ಬಗ್ಗೆಯೂ ಎರಡು ಮಾತು ಹೇಳಬೇಕು. ಅವರು ಮಿತಭಾಷಿ. ಯಾರು ಏನೇ ಹೇಳಿದರೂ ಕಣ್ಣು ಅರ್ಧ ಮುಚ್ಚಿ, "ಹಾಗಂತ ನಿಮಗೆ ಅನ್ನಿಸುತ್ತೆ" ಎನ್ನುತ್ತಾರೆ. ಪಾಠದ ಕೋಣೆಯ ಸೂರು ಸೋರುತ್ತಿದೆ ಎಂದು ನಾನು ವರದಿ ಮಾಡಿದಾಗಲೂ ಅದನ್ನೇ ಅಂದರು. ಬಕೆಟ್ ತಂದು ಇಟ್ಟೆ. ಬಕೆಟ್ ಈಗಲೂ ಅಲ್ಲೇ ಇದೆ.

ಕಳೆದ ಸಾಲಿಗೆ ಸೇರಿದವರಲ್ಲಿ ಸರ್ಕಾರಿ ಆಸ್ಪತ್ರೆಯ ಆಪ್ತಸಲಹೆಗಾರ್ತಿಯೊಬ್ಬರಿದ್ದರು. ಹದಿನೆಂಟು ವರ್ಷದಿಂದ ಹೊರರೋಗಿ ವಿಭಾಗದ ಕೊನೆಯ ಕೋಣೆಯಲ್ಲಿ ಕೂತು ದಿನಕ್ಕೆ ಮೂವತ್ತು ಜನರ ಕಷ್ಟ ಕೇಳುವ ಹೆಂಗಸು. ನಾವೆಲ್ಲ ಆಸ್ಪತ್ರೆ ಮೇಡಂ ಎನ್ನುತ್ತಿದ್ದೆವು. ಅವರು ಪ್ರಯೋಗಕ್ಕೆ ಕರೆತಂದ ರೋಗಿಯೇ ಈ ದರ್ಜಿ. ಹಿಂದಿನ ರಸ್ತೆಯಲ್ಲಿ ಅವನದೊಂದು ಸಣ್ಣ ಅಂಗಡಿ. ಪ್ರತಿ ವರ್ಷ ಒಂದು ಶಾಲೆಯ ಇನ್ನೂರೈವತ್ತು ಮಕ್ಕಳಿಗೆ ಸಮವಸ್ತ್ರ ಹೊಲಿದು ಅದರಲ್ಲೇ ವರ್ಷಪೂರ್ತಿ ಸಂಸಾರ ತೂಗಿಸುತ್ತಿದ್ದ. ಈಚೆಗೆ ಅವನಿಗೆ ಬಟ್ಟೆ ಕತ್ತರಿಸಲು ಆಗುತ್ತಿರಲಿಲ್ಲ. ಅಳತೆ ತೆಗೆಯುತ್ತಿದ್ದ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ, ಕತ್ತರಿ ಎತ್ತುತ್ತಿದ್ದ. ಬಟ್ಟೆಗೆ ಒಂದು ಅಂಗುಲ ಇರುವಾಗ ಕೈ ನಿಂತುಬಿಡುತ್ತಿತ್ತು.

ಇಪ್ಪತ್ತೆರಡು ವಾರ ಎಲ್ಲ ನಿಯಮಬದ್ಧವಾಗಿ ನಡೆಯಿತು. ದರ್ಜಿ ಸೋಫಾದ ಮೇಲೆ ಮಲಗಿ ಗುಂಡಿ, ಕಾಜಾ, ದಾರದ ಬೆಲೆ ಎಂದು ಏನೇನೋ ಮಾತಾಡುತ್ತಿದ್ದ. ಮೇಡಂ ಕೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಒಬ್ಬ ಬ್ಯಾಂಕ್ ಕ್ಯಾಷಿಯರ್ ಮೂವತ್ತಾರನೆಯ ಗಂಟೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಅವನ ಚಿಕಿತ್ಸಕನನ್ನು ನಿರ್ದೇಶಕರು ಎಲ್ಲರೆದುರು ಮೆಚ್ಚಿಕೊಂಡಿದ್ದರು.

ಇಪ್ಪತ್ಮೂರನೆಯ ಗಂಟೆಯಲ್ಲಿ ದರ್ಜಿ ತನ್ನ ಅಣ್ಣನ ಮಾತೆತ್ತಿದ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವಾದ್ದರಿಂದ ನನಗೂ ಕೇಳಿಸಿತು.

"ಕೆಲಸ ಕಲಿಸಿದೋನು ಅಣ್ಣಾನೇ ಮೇಡಂ. ಕತ್ತರೀನೂ ಅವಂದೇ. ಹೋದ ವರ್ಷ ಒಂದು ಕೋಟು ಹೊಲಿ ಅಂತ ಬಂದ. ಎದೆ ಅಳತೆ ತಗೊಂಡೆ. ಹಳೇ ಪುಸ್ತಕದಲ್ಲಿ ಇದ್ದಿದ್ದಕ್ಕಿಂತ ಮೂರು ಇಂಚು ಇಳಿದಿತ್ತು."

"ಮೂರು ಇಂಚು."

"ಟೇಪು ಸುಳ್ಳು ಹೇಳುತ್ತಾ? ನಾನು ಬರ್ಕೊಂಡೆ. ಯಾಕೋ ಅಣ್ಣ ಇಷ್ಟು ಇಳಿದುಹೋಗಿದ್ದೀಯಾ ಅಂತ ಒಂದು ಮಾತು ಕೇಳ್ಲಿಲ್ಲ. ಬಟ್ಟೆ ಕತ್ತರಿಸಿಬಿಟ್ಟೆ. ಟ್ರಯಲ್ ನೋಡೋಕೆ ಬರಬೇಕಾದ ದಿವಸ ಅವನು ಬರ್ಲಿಲ್ಲ, ಸುದ್ದಿ ಬಂತು."

ಆಮೇಲೆ ಅವನು ಅತ್ತ. ಐವತ್ತು ದಾಟಿದ ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ಕೇಳಿರಲಿಲ್ಲ. ಟೈಪು ಮಾಡುವುದನ್ನು ನಿಲ್ಲಿಸಿದೆ. ಮೇಡಂ ಗಂಟೆ ಮುಗಿದ ಮೇಲೂ ಹತ್ತು ನಿಮಿಷ ಅವನನ್ನು ಎಬ್ಬಿಸಲಿಲ್ಲ. ಆ ಹತ್ತು ನಿಮಿಷವನ್ನು ನಾನು ರಿಜಿಸ್ಟರಿನಲ್ಲಿ ತೋರಿಸಿಲ್ಲ.

ಮುಂದಿನ ವಾರ ದರ್ಜಿ ನಗುನಗುತ್ತಾ ಬಂದ. ಒಂದು ಕೈಯಲ್ಲಿ ಅಣ್ಣನ ಕತ್ತರಿ, ಇನ್ನೊಂದರಲ್ಲಿ ಹೊಸದಾಗಿ ಹೊಲಿದ ಪುಟ್ಟ ಸಮವಸ್ತ್ರದ ಅಂಗಿ.

"ಕೈ ಓಡ್ತು ಮೇಡಂ! ಅವತ್ತು ಮನೆಗೆ ಹೋಗಿ ಕತ್ತರಿ ಎತ್ತಿದೆ, ಹೋಗೇಬಿಡ್ತು. ಇನ್ನು ಬರಲ್ಲ, ತಪ್ಪು ತಿಳ್ಕೋಬೇಡಿ. ಶಾಲೆ ಶುರುವಾಗೋಕೆ ಆರೇ ವಾರ ಇದೆ."

ಮೇಡಂಗೆ ಆದ ಸಂತೋಷ ಹೇಳತೀರದು. ಆ ಅಂಗಿಯನ್ನು ತೋರಿಸಲು ನನ್ನ ಮೇಜಿನವರೆಗೆ ಬಂದರು. ನಾನು ನಿಯಮ ಹನ್ನೊಂದನ್ನು ತೆಗೆದು ತೋರಿಸಿದೆ. ಅವರು ಎರಡು ಸಲ ಓದಿದರು. ಅವರ ಪರವಾನಗಿ ಮುಗಿಯಲು ಇನ್ನು ನಾಲ್ಕೇ ತಿಂಗಳು. ಹೊಸ ರೋಗಿಯನ್ನು ಹುಡುಕಿ ಮೊದಲಿನಿಂದ ಶುರು ಮಾಡಿದರೆ ನಲವತ್ತು ವಾರ ಬೇಕು.

ತುರ್ತು ಸಭೆ ಕರೆಯಲಾಯಿತು. ದರ್ಜಿಯೂ ಹಾಜರಿದ್ದ. ತಾನು ಗುಣವಾಗಿದ್ದೇನೆ ಎಂದು ಕೈಮುಗಿದು ಹೇಳಿದ.

"ಹಾಗಂತ ನಿಮಗೆ ಅನ್ನಿಸುತ್ತೆ," ಎಂದರು ನಿರ್ದೇಶಕರು.

"ಅಂಗಿ ನೋಡಿ ಸಾರ್, ನಾನೇ ಕತ್ತರಿಸಿದ್ದು."

ನಿರ್ದೇಶಕರು ಅಂಗಿಯನ್ನು ತಿರುವಿಹಾಕಿ ಒಳಹೊಲಿಗೆಯನ್ನು ಬೆಳಕಿಗೆ ಹಿಡಿದರು. "ಒಂದು ದಾರಾನೂ ಆಚೆ ಬಂದಿಲ್ಲ. ಇಷ್ಟು ಅಚ್ಚುಕಟ್ಟು ಅಂದ್ರೆ ಒಳಗೆ ಏನನ್ನೋ ಮುಚ್ಚಿಡ್ತಿದ್ದೀರಿ."

ಸಭೆಯ ನಿರ್ಣಯವನ್ನು ಯಥಾವತ್ತಾಗಿ ಕೊಡುತ್ತೇನೆ. "ರೋಗಿಯು ತಾನು ಗುಣವಾಗಿರುವುದಾಗಿ ಹೇಳಿದಲ್ಲಿ ಅದನ್ನು ಪ್ರತಿರೋಧವೆಂದು, ಅರ್ಥಾತ್ ರೋಗದ ಲಕ್ಷಣವೆಂದು ಪರಿಗಣಿಸತಕ್ಕದ್ದು. ಗುಣವಾಗಿಲ್ಲವೆಂದು ಹೇಳಿದಲ್ಲಿ ಅವನ ಮಾತನ್ನು ನಂಬತಕ್ಕದ್ದು. ಉಳಿದ ಹದಿನಾರು ಗಂಟೆ ಮುಗಿಯುವವರೆಗೆ ರೋಗಿಯು ಅಂಗಡಿ ತೆರೆಯಕೂಡದು, ಯಾವುದೇ ಕತ್ತರಿಯನ್ನು ಬಳಸಕೂಡದು. ಸದರಿ ಕತ್ತರಿಯನ್ನು ಚಿಕಿತ್ಸಾ ಸಾಮಗ್ರಿ ಎಂದು ನಮೂದಿಸಿ ಅಧೀಕ್ಷಕರ ಕಪಾಟಿನಲ್ಲಿ ಇಡತಕ್ಕದ್ದು."

ಮೇಡಂ ಎದ್ದುನಿಂತರು. "ನನ್ನ ಗಂಟೆಗಳು ಹೋದ್ರೆ ಹೋಗ್ಲಿ. ಅವರನ್ನ ಬಿಟ್ಬಿಡಿ, ಅಂಗಡಿ ತೆಗೀಲಿ."

ದರ್ಜಿ ಅವರತ್ತ ತಿರುಗಿದ. "ಪರವಾನಗಿ ಹೋದ್ರೆ ಆಸ್ಪತ್ರೇಲಿ ನಿಮ್ಮ ಕೋಣೆ?"

"ಬೀಗ ಹಾಕ್ತಾರೆ. ಬೇರೆಯವರನ್ನ ಹಾಕೋ ತನಕ."

"ಹಾಕ್ತಾರಾ?"

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನ ಜಾಗ ಏಳು ವರ್ಷದಿಂದ ಖಾಲಿ ಇರುವುದು ಎಲ್ಲರಿಗೂ ಗೊತ್ತಿತ್ತು. ದರ್ಜಿ ಸ್ವಲ್ಪ ಹೊತ್ತು ಕತ್ತರಿಯ ಹಿಡಿಯನ್ನು ಸವರುತ್ತಾ ನಿಂತ. ಆಮೇಲೆ ಅದನ್ನು ನನ್ನ ಮೇಜಿನ ಮೇಲಿಟ್ಟು, "ಎಲ್ಲಿ ಸೈನ್ ಹಾಕ್ಬೇಕು ಸಾರ್?" ಎಂದ. ಮೂರು ಕಡೆ ಹಾಕಿಸಿಕೊಂಡೆ.

ಅಂದಿನಿಂದ ಅವನು ಪ್ರತಿ ಮಂಗಳವಾರ ಹತ್ತು ಗಂಟೆಗೆ ತಪ್ಪದೆ ಬಂದ. ಅಷ್ಟು ಶಿಸ್ತಿನ ರೋಗಿ ನಮಗೆ ಮತ್ತೆ ಸಿಕ್ಕಿಲ್ಲ. ಹೇಳಲು ಏನೂ ಉಳಿದಿರಲಿಲ್ಲವಾದ್ದರಿಂದ ಸೋಫಾದ ಮೇಲೆ ಕೂತು ಕಚೇರಿಯವರ ಅಂಗಿಗಳಿಗೆ ಕಿತ್ತುಹೋದ ಗುಂಡಿ ಹಾಕಿಕೊಡುತ್ತಿದ್ದ. ಒಂದೆರಡು ವಾರವಾದ ಮೇಲೆ ಆಸ್ಪತ್ರೆಯಿಂದ ಸುಸ್ತಾಗಿ ಬಂದ ಮೇಡಂ, "ಐದು ನಿಮಿಷ ಕಾಲು ಚಾಚ್ಲಾ?" ಎಂದು ಕೇಳಿದರು. ಅವನು ಎದ್ದು ಕುರ್ಚಿಗೆ ಹೋದ. ಅವರು ಮಲಗಿದರು. ಮೂವತ್ತು ಜನರ ಕಷ್ಟ ದಿನವೂ ಕೇಳಿದವರಿಗೆ ತಮ್ಮದನ್ನು ಹೇಳಲು ಎಲ್ಲೂ ಜಾಗ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಹೇಳುತ್ತಾ ಹೋದರು. ದರ್ಜಿ ಸೂಜಿಗೆ ದಾರ ಪೋಣಿಸುತ್ತಾ, ನಡುನಡುವೆ "ಹೂಂ, ಆಮೇಲೆ ತಂಗೀ?" ಎನ್ನುತ್ತಿದ್ದ.

ನಿರ್ದೇಶಕರು ಬಾಗಿಲಾಚೆ ನಿಂತು ಇದನ್ನು ಕೇಳಿಸಿಕೊಂಡರು. ರೋಗಿಯು ಚಿಕಿತ್ಸಕಿಯನ್ನು ತಂಗಿ ಎಂದು ಕರೆದದ್ದು ರೋಗ ಉಲ್ಬಣಿಸಿರುವುದರ ಗುರುತು ಎಂದೂ, ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ ಎಂದೂ ಷರಾ ಬರೆದರು. ಕುರ್ಚಿಯಲ್ಲಿ ಯಾರಿದ್ದಾರೆ, ಸೋಫಾದಲ್ಲಿ ಯಾರಿದ್ದಾರೆ ಎಂದು ಇಣುಕಿ ನೋಡುವುದು ಅವರ ಪದ್ಧತಿಯಲ್ಲ.

ರೋಗವನ್ನು ಪರೀಕ್ಷಿಸುವ ಏಕಮಾತ್ರ ಉದ್ದೇಶದಿಂದ ನಾನೂ ಒಂದು ಪ್ಯಾಂಟು ತಂದುಕೊಟ್ಟೆ. ಕಾಲು ಎರಡು ಇಂಚು ಉದ್ದವಿತ್ತು. ಮರುವಾರವೇ ಸರಿಮಾಡಿ ತಂದ. ಕತ್ತರಿಸದೆ ಒಳಗೆ ಮಡಚಿ ಹೊಲಿದಿದ್ದ. "ಮಾತು ಕೊಟ್ಟಿದ್ದೀನಲ್ಲ ಸಾರ್," ಎಂದ. "ರೋಗ ಮುಂದುವರಿದಿದೆ" ಎಂದು ಬರೆದೆ. ಈಗ ತೊಟ್ಟಿರುವುದೂ ಅದೇ ಪ್ಯಾಂಟು.

ಆರನೆಯ ವಾರ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು.

"ನಮ್ಮ ದರ್ಜಿ ಅಂಗಡಿ ಮುಚ್ಚಿದೆಯಲ್ಲ? ಇಲ್ಲಿದ್ದಾರೆ ಅಂದ್ರು."

"ಅವರಿಗೆ ಕಾಯಿಲೆ ಮೇಡಂ."

ಅವರು ನನ್ನ ಮೇಜಿನ ಪಕ್ಕದ ಬೆಂಚಿನತ್ತ ನೋಡಿದರು. ದರ್ಜಿ ನಮ್ಮ ಖಜಾಂಚಿಯ ಕೋಟಿಗೆ ಕಾಜಾ ಹೊಲಿಯುತ್ತಿದ್ದ. "ಚೆನ್ನಾಗೇ ಇದ್ದಾರಲ್ರೀ!"

"ಅದೇ ಕಾಯಿಲೆ."

ದರ್ಜಿ ಎದ್ದುನಿಂತ. "ಇನ್ನೊಂದು ಹತ್ತು ವಾರ ತಡ್ಕೊಳ್ಳಿ ಟೀಚರ್. ಒಬ್ಬೊಬ್ಬ ಮಗೂನ ಅಳತೇನೂ ನನ್ನ ಹತ್ರ ಇದೆ."

"ಮಕ್ಕಳು ಹತ್ತು ವಾರ ಏನು ಹಾಕ್ಕೊಂಡು ಬರ್ಬೇಕಪ್ಪಾ?" ಎಂದರು ಅವರು. ಬೇಸರದಿಂದಲೇ ಅಂದರು. ಸಮವಸ್ತ್ರದ ಕೆಲಸ ದೊಡ್ಡ ರಸ್ತೆಯ ಸಿದ್ಧ ಉಡುಪಿನ ಅಂಗಡಿಗೆ ಹೋಯಿತು. ಆ ದಿನ ದರ್ಜಿ ನನ್ನ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತು, "ಒಂದ್ಸಲ ನೋಡ್ಬಹುದಾ ಸಾರ್?" ಎಂದು ಕೇಳಿದ. ನೋಡುವುದಕ್ಕೆ ನಿಯಮದಲ್ಲಿ ಅಡ್ಡಿ ಇರಲಿಲ್ಲ. ಬಾಗಿಲು ತೆರೆದು ತೋರಿಸಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು, ಆದರೆ ನಾನು ಸಂಬಳದ ಮನುಷ್ಯ.

ಕೊನೆಗೂ ನಲವತ್ತನೆಯ ಗಂಟೆ ಮುಗಿಯಿತು. ಮರುದಿನವೇ ಪ್ರಮಾಣಪತ್ರ ವಿತರಣೆಯ ಸಮಾರಂಭ. ಮಂಡಳಿಯ ಅಧ್ಯಕ್ಷರು ಮುಖ್ಯ ಅತಿಥಿ. ಪಾಠದ ಕೋಣೆಯ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಲಾಗಿತ್ತು, ಬಕೆಟ್ಟಿಗೆ ಬಿಳಿ ಬಟ್ಟೆ ಹೊದಿಸಲಾಗಿತ್ತು. ಅಧ್ಯಕ್ಷರು ಒಂದೂವರೆ ಗಂಟೆಯಾದರೂ ಬರಲಿಲ್ಲ. ಆಗ ನಿರ್ದೇಶಕರಿಗೆ ಒಂದು ಯೋಚನೆ ಹೊಳೆಯಿತು. ಕತ್ತರಿ ಮುಟ್ಟಲಾರದಿದ್ದ ದರ್ಜಿಯ ಕೈಯಿಂದಲೇ ರಿಬ್ಬನ್ ಕತ್ತರಿಸಿಸಿದರೆ ಸಂಸ್ಥೆಯ ಸಾಧನೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ.

ನಾನು ಕಪಾಟು ತೆರೆದು, ರಿಜಿಸ್ಟರಿನಲ್ಲಿ ಸಹಿ ಪಡೆದು, ಹಿಡಿಗೆ ಕಟ್ಟಿದ್ದ ಚೀಟಿ ಬಿಚ್ಚಿ ಕತ್ತರಿ ಕೊಟ್ಟೆ. ದರ್ಜಿ ಅದನ್ನು ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡಿದ. ಆಮೇಲೆ ಕಚಕ್ಕೆಂದು ಕತ್ತರಿಸಿದ. ನೇರವಾಗಿ, ಒಂದೇ ಏಟಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣೊರೆಸಿಕೊಂಡರು. ಅವನು ಕತ್ತರಿಯನ್ನು ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಆ ಹೊತ್ತಿಗೆ ಅಧ್ಯಕ್ಷರು ಬಂದರು. ಬಂದವರು ಎರಡು ವಿಷಯ ತಿಳಿಸಿದರು. ಮೊದಲನೆಯದು, ತಾವು ಬರುವ ಮುಂಚೆ ರಿಬ್ಬನ್ ಕತ್ತರಿಸಿದ್ದು ಮಂಡಳಿಗೆ ಮಾಡಿದ ಅಗೌರವ. ಎರಡನೆಯದು, ಮನೋಚಿಕಿತ್ಸೆಯ ಗುಣಮಟ್ಟ ಹೆಚ್ಚಿಸುವ ಸಲುವಾಗಿ ಪ್ರಯೋಗದ ಅವಧಿಯನ್ನು ನಲವತ್ತರಿಂದ ಅರವತ್ತು ಗಂಟೆಗೆ ಏರಿಸಿ ನಿನ್ನೆಯೇ ಸುತ್ತೋಲೆ ಹೊರಡಿಸಲಾಗಿದೆ. ಅದು ಪ್ರಸಕ್ತ ಸಾಲಿಗೂ ಅನ್ವಯ. ಅರವತ್ತು ಮುಗಿಸುವವರೆಗೆ ಹಳೆಯ ಪರವಾನಗಿಗಳು ತಾತ್ಕಾಲಿಕವಾಗಿ ಊರ್ಜಿತ.

ಎಲ್ಲರೂ ದರ್ಜಿಯ ಕಂಕುಳನ್ನೇ ನೋಡಿದರು.

"ಆದ್ರೆ ಅವರು ಈಗ ತಾನೇ ಕತ್ತರಿಸಿದ್ರಲ್ಲ ಸಾರ್, ಎಲ್ಲರ ಎದುರಿಗೆ!" ಎಂದರು ಮೇಡಂ.

ನಿರ್ದೇಶಕರು ಕಣ್ಣು ಅರ್ಧ ಮುಚ್ಚಿದರು. "ಅದು ಕತ್ತರಿಸಿದ್ದಲ್ಲ. ಕೈ ತಪ್ಪಿ ಆಗಿದ್ದು. ಮನುಷ್ಯ ಕೈ ತಪ್ಪಿ ಮಾಡೋದ್ರಲ್ಲೇ ಅವನ ರೋಗ ಇರುತ್ತೆ. ಇನ್ನೂ ಇಪ್ಪತ್ತು ಗಂಟೆ ಬೇಕೇ ಬೇಕು."

ಅಧ್ಯಕ್ಷರು ತಲೆದೂಗಿದರು. ಖಜಾಂಚಿಯವರು ತಲೆದೂಗಿದರು. ಬ್ಯಾಂಕ್ ಕ್ಯಾಷಿಯರ್ ಕೂಡ, ಅವನೂ ಮತ್ತೆ ರೋಗಿಯಾಗಿದ್ದರಿಂದ, ತಲೆದೂಗಿದ.

ಮೇಡಂ ಏನೋ ಹೇಳಲು ಬಾಯಿ ತೆರೆದರು. ದರ್ಜಿ ಬೇಡವೆಂಬಂತೆ ಕೈ ಎತ್ತಿ, ಬಾಗಿಲ ಬಳಿಗೆ ಹೋದ. ಅಂಗಿಯ ಕಾಲರಿನಿಂದ ಸೂಜಿ ತೆಗೆದ. ರಿಬ್ಬನ್ನಿನ ಎರಡು ತುದಿಗಳನ್ನು ಜೋಡಿಸಿ, ಕೆಂಪು ದಾರದಲ್ಲಿ ಮೂರು ನಿಮಿಷದಲ್ಲಿ ಹೊಲಿದುಬಿಟ್ಟ. ಹೊಲಿಗೆ ಎಲ್ಲಿದೆ ಎಂದು ಹತ್ತಿರ ಹೋಗಿ ಹುಡುಕಿದರೂ ನನಗೆ ಸಿಗಲಿಲ್ಲ. ಅಧ್ಯಕ್ಷರು ಸಂತೋಷಪಟ್ಟು, ದರ್ಜಿಯ ಕತ್ತರಿಯನ್ನೇ ಇಸಿದುಕೊಂಡು, ಮೂರು ಏಟಿಗೆ ಸೊಟ್ಟಗೆ ಕತ್ತರಿಸಿದರು. ರಿಬ್ಬನ್ ಕತ್ತರಿಸಿದ್ದು ಒಂದೇ ಬಾರಿ ಎಂದು ನಡಾವಳಿಯಲ್ಲಿ ದಾಖಲಾಗಿದೆ.

ಎಲ್ಲರೂ ತಿಂಡಿಗೆ ಹೋದ ಮೇಲೆ ದರ್ಜಿ ನನ್ನ ಮೇಜಿನ ಹತ್ತಿರ ಬಂದ. ನಾನು ಕೇಳುವ ಮುಂಚೆಯೇ ಕತ್ತರಿಯನ್ನು ಮುಂದಿಟ್ಟ. ರಿಜಿಸ್ಟರನ್ನು ತಾನೇ ತಿರುವಿ ಸಹಿ ಹಾಕುವ ಜಾಗ ಹುಡುಕಿಕೊಂಡ.

"ಮಂಗಳವಾರ ಹತ್ತಕ್ಕೇ ತಾನೇ ಸಾರ್?"

"ಹತ್ತಕ್ಕೇ."

"ತಂಗಿಗೆ ಹೇಳ್ಬಿಡಿ, ಬರ್ತೀನಿ ಅಂತ." ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಸಾರ್, ಅದಕ್ಕೆ ತುಕ್ಕು ಹಿಡಿಯುತ್ತೆ. ವಾರಕ್ಕೊಂದ್ಸಲ ಎರಡು ತೊಟ್ಟು ಎಣ್ಣೆ ಬಿಡಿ. ಅಣ್ಣ ಬಿಡ್ತಿದ್ದ."

ಕತ್ತರಿ ಸುಸ್ಥಿತಿಯಲ್ಲಿ ನನ್ನ ಕಪಾಟಿನಲ್ಲಿದೆ. ಎಣ್ಣೆಗೆ ಮಂಜೂರಾತಿ ಕೋರಿ ಕಡತ ಮಂಡಿಸಿದ್ದೇನೆ. ತುಕ್ಕು ಹಿಡಿಯುತ್ತಿದೆ ಎಂದು ನಿರ್ದೇಶಕರಿಗೆ ಬಾಯಿಮಾತಿನಲ್ಲೂ ತಿಳಿಸಿದೆ. ಹಾಗಂತ ನನಗೆ ಅನ್ನಿಸುತ್ತದೆ ಎಂದರು.