ಮಾವನವರ ಕಾರಿಗೆ ನಮ್ಮ ಬಾವಿಯ ಇಂಜಿನ್ನು

ಅಳಿಯನಾದವನಿಗೆ ಮಾವನ ಮನೆಯ ಹೊಸ್ತಿಲು ದಾಟಿದ ಕೂಡಲೇ ಎಲ್ಲಿಲ್ಲದ ಧೈರ್ಯ ಬರುತ್ತದೆ. ಇದು ಎಲ್ಲರ ಅನುಭವವೋ ನನ್ನೊಬ್ಬನದೋ ಗೊತ್ತಿಲ್ಲ, ನನ್ನದಂತೂ ಹೌದು. ಸಿಂದಗಿಯ ನನ್ನ ಬಾಡಿಗೆ ಮನೆಯಲ್ಲಿ ನಾನು ಒಂದು ಬಲ್ಬು ಬದಲಿಸಿದವನಲ್ಲ. ನಳ ಸೋರಿದರೆ ಕೆಳಗೆ ಬಕೆಟ್ಟು ಇಟ್ಟು, "ನೀರರೆ ದಂಡ ಆಗೂದಿಲ್ಲಲ್ಲ" ಎಂದು ಹೆಂಡತಿಗೆ ಸಮಾಧಾನ ಹೇಳುವವರ ಪೈಕಿ. ಅದೇ ನಾನು ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ, ಬಸವನ ಬಾಗೇವಾಡಿಯಲ್ಲಿ ಇಳಿದು, ಮಾವನವರ ಮನೆ ಹೊಕ್ಕೆನೆಂದರೆ ಮುಗಿಯಿತು. ತಿರುಗುತ್ತಿರುವ ಫ್ಯಾನನ್ನು ತಲೆ ಎತ್ತಿ ನೋಡಿ, "ಬೇರಿಂಗ್ ಹೋಗ್ಯಾವು" ಎನ್ನುತ್ತೇನೆ. ಟಿವಿಯಲ್ಲಿ ಚುಕ್ಕಿ ಬಂದರೆ, "ಆಂಟೆನಾದ ಮಾರಿ ಸ್ವಲ್ಪ ಬಡಗಣಕ್ಕ ಮಾಡ್ರಿ" ಎನ್ನುತ್ತೇನೆ. ಮಾಳಿಗೆ ಹತ್ತುವವರು ಬೇರೆ, ಹೇಳುವವನಷ್ಟೇ ನಾನು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಕೀಲರೂ ವ್ಯಾಪಾರಿಗಳೂ ತುಂಬಿದ ಆ ಮನೆತನದಲ್ಲಿ ಭೌತಶಾಸ್ತ್ರವೆಂದರೆ ಕರೆಂಟು, ಮೋಟಾರು, ಮಷಿನ್ನು ಎಲ್ಲ ಕೂಡಿದ್ದು ಎಂಬ ನಂಬಿಕೆಯಿದೆ. ಆ ನಂಬಿಕೆಯನ್ನು ತಿದ್ದಲು ನಾನು ಎಂದೂ ಹೋಗಲಿಲ್ಲ.

ಮಾವನವರು ವಕೀಲಿ ಬಿಟ್ಟು ಕೆಲವು ವರ್ಷಗಳಾಗಿದ್ದವು. ಅವರ ಹಿತ್ತಲ ಶೆಡ್ಡಿನಲ್ಲಿ ಒಂದು ಕಾರಿತ್ತು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮುಂದೆ ಮಾರುದ್ದದ ಮೂತಿ. ಯಾವುದೋ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಸ್ಪೋರ್ಟ್ಸ್ ಕಾರು ಅದು. ಮಾವನವರು ಹೊಸದಾಗಿ ಕರಿ ಕೋಟು ತೊಟ್ಟ ದಿನಗಳಲ್ಲಿ ಪುಣೆಯಲ್ಲಿ ಯಾರಿಂದಲೋ ಕೊಂಡು, ಅತ್ತೆಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರಿಗೆ ತಂದಿದ್ದರು. ಸೆರಗು ಹಾರಿಹೋಗದಂತೆ ಅತ್ತೆಯವರು ಅದನ್ನು ದಾರಿಯುದ್ದಕ್ಕೂ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರಂತೆ. ಅವರು ತೀರಿಕೊಂಡ ಮೇಲೆ ಕಾರು ಶೆಡ್ಡಿನಿಂದ ಹೊರಗೆ ಬರಲಿಲ್ಲ. ಇಂಜಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತು. ಆದರೂ ಮಾವನವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಶೆಡ್ಡಿಗೆ ಹೋಗಿ, ಹೆಗಲ ಮೇಲಿನ ಟವೆಲ್ಲಿನಿಂದ ಆ ಮೂತಿಯನ್ನು ಒರೆಸಿ ಬರುತ್ತಿದ್ದರು.

ನನ್ನ ಹೆಂಡತಿ ಸುವರ್ಣಾಳ ತಮ್ಮ ಶ್ರೀಶೈಲನಿಗೆ ಬಾಗೇವಾಡಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ಒಂದು ಬೇಸಿಗೆ ರಜೆಯಲ್ಲಿ ನಾವೆಲ್ಲ ಊಟಕ್ಕೆ ಕುಳಿತಾಗ ಅವನು ಮಾತು ತೆಗೆದ. "ಅಪ್ಪಾರ, ಜೂನ್‌ದಾಗ ಮಿರಗದ ಮಳಿ ಕೂಡೂದ್ರಾಗ ಗೊಬ್ಬರದ ಲಾರಿ ಬರ್ತಾವು. ಚೀಲ ಇಡಾಕ ಶೆಡ್ ಬೇಕು. ಆ ಕಾರು ಒಯ್ಯಾಕ ಗುಜರಿಯಂವಗ ಹೇಳೇನಿ."

ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಜಡ್ಜರ ಎದುರಿಗೂ ಸುಮ್ಮನಿದ್ದು ಗೊತ್ತಿಲ್ಲದ ಮನುಷ್ಯ ಮಗನ ಎದುರಿಗೆ ಸುಮ್ಮನಾದದ್ದು ನೋಡಿ ನನ್ನ ಕರುಳು ಚುರ್ ಎಂದಿತು. ಕರುಳು ಚುರ್ ಎಂದಾಗ ಬೇರೆಯವರು ಕಣ್ಣು ಒರೆಸಿಕೊಳ್ಳುತ್ತಾರೆ, ನಾನು ಬಾಯಿ ತೆರೆಯುತ್ತೇನೆ.

"ಗುಜರಿಗೆ ಯಾಕ? ಬ್ಯಾರೆ ಇಂಜಿನ್ ಕೂಡಿಸಿದ್ರ ಆತು. ನಾ ಕೂಡಸ್ತೇನಿ" ಎಂದೆ.

"ಮಾಮಾರ, ಇದು ಫ್ಯಾನ್ ಅಲ್ರಿ" ಎಂದ ಶ್ರೀಶೈಲ.

"ಎಲ್ಲಾದಕ್ಕೂ ತತ್ವ ಒಂದ" ಎಂದೆ. ಸುವರ್ಣಾ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ಬಾಯಿ ಮುಚ್ಚಿಸಲು ಅವಳಿಗೆ ಗೊತ್ತಿರುವ ಉಪಾಯ ಅದೊಂದೇ. ಆದರೆ ಹೊತ್ತು ಮೀರಿತ್ತು. ಶ್ರೀಶೈಲ ಶರತ್ತು ಹಾಕಿದ: "ಮಿರಗ ಕೂಡೂದ್ರಾಗ ಆ ಕಾರು ತನ್ನ ಇಂಜಿನ್ ಮ್ಯಾಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಹೊಳ್ಳಿ ಮನಿಗೆ ಬಂದ್ರ, ಶೆಡ್ ಕಾರಿಂದು. ಇಲ್ಲಾಂದ್ರ ಗುಜರಿಗೆ." ಮಾವನವರು ಆಗ ಮೊದಲ ಬಾರಿ ತಲೆ ಎತ್ತಿ, "ಇನ್ನೊಮ್ಮೆ ಹೇಳು" ಎಂದರು. ಅವನು ಮತ್ತೊಮ್ಮೆ ಹೇಳಿದ. "ಆತು" ಎಂದು ಅವರು ಊಟ ಮುಂದುವರಿಸಿದರು.

ಮರುದಿನವೇ ಸಿಂದಗಿಯಿಂದ ದಸ್ತಗೀರ ಮಿಸ್ತ್ರಿಯನ್ನು ಕರೆತಂದೆ. ಟ್ರ್ಯಾಕ್ಟರ್, ಪಂಪಸೆಟ್ಟು, ಗಿರಣಿ, ಯಾವುದನ್ನು ಕೊಟ್ಟರೂ ಕಿವಿಯಿಂದಲೇ ಪರೀಕ್ಷೆ ಮಾಡುವ ಮನುಷ್ಯ. ಮಾತು ಬಹಳ ಕಡಿಮೆ. ನನಗೆ ಅಂಥವರು ಬಹಳ ಸೇರುತ್ತಾರೆ. ಅವರು ಕಾರಿನ ಇಂಜಿನ್ನನ್ನು ಸ್ಪ್ಯಾನರಿನಿಂದ ಎರಡು ಸಲ ಬಡಿದು, "ಮಣ್ಣಿಗೆ ಕೊಡೂದು ಅಷ್ಟ ಉಳದೈತ್ರಿ ಇದನ್ನ" ಎಂದರು. ಆ ಜಾತಿಯ ಇಂಜಿನ್ನಿಗಾಗಿ ಸೊಲ್ಲಾಪುರದ ಗುಜರಿಗಳನ್ನೆಲ್ಲ ಸುತ್ತಿ ಬಂದೆವು. ಸಿಗಲಿಲ್ಲ. ಟ್ಯಾಕ್ಸಿಯ ಡೀಸೆಲ್ ಇಂಜಿನ್ನು ಕೂಡಿಸೋಣವೆಂದರೆ ಅದು ಎತ್ತರ, ಬಾನೆಟ್ಟು ಕೊಯ್ಯಬೇಕು. "ಮೂತಿಗೆ ಕೈ ಹಚ್ಚಬ್ಯಾಡ್ರಿ" ಎಂದು ಮಾವನವರು ಹೇಳಿಬಿಟ್ಟಿದ್ದರು. ಆಗ ನನಗೆ ನಮ್ಮೂರು ಮೋರಟಗಿಯ ಹೊಲದ ಇಂಜಿನ್ನು ನೆನಪಾಯಿತು. ಬಾವಿಗೆ ಕರೆಂಟಿನ ಮೋಟಾರು ಬಂದ ಮೇಲೆ ಹಳೆಯ ಡೀಸೆಲ್ ಇಂಜಿನ್ನು ಬೇವಿನ ಗಿಡದ ಕೆಳಗೆ ಕೋಳಿಗಳಿಗೆ ಮನೆಯಾಗಿ ಬಿದ್ದಿತ್ತು. ಅಡ್ಡ ಮಲಗಿ ಓಡುವ ಇಂಜಿನ್ನು, ಎತ್ತರವೇ ಇಲ್ಲ. ನಾನು ಕೇಳಿದಾಗ ನಮ್ಮಪ್ಪ, "ಬೀಗರ ಕಾರಿಗೆ ನಮ್ಮ ಬಾವಿ ಇಂಜಿನ್ನಾ? ಒಯ್ಯಿ ಒಯ್ಯಿ. ಆದ್ರ ಅವರಿಗೆ ಹೇಳು, ಕಬ್ಬಿಗೆ ನೀರು ಹಾಯಿಸಿದ ಇಂಜಿನ್ ಐತಿ, ಒಂದ ದಿನಾನೂ ಕೈ ಕೊಟ್ಟಿಲ್ಲ" ಎಂದು ಎದೆಯುಬ್ಬಿಸಿ ಟ್ರ್ಯಾಕ್ಟರಿನಲ್ಲಿ ಹೇರಿಸಿ ಕಳಿಸಿದರು. ಕೋಳಿಗಳಿಗೆ ಮಾತ್ರ ಬಹಳ ಸಿಟ್ಟು ಬಂದಂತಿತ್ತು.

ಕೂಡಿಸುವ ಕೆಲಸ ಮಾವನವರ ಹಿತ್ತಲಲ್ಲೇ ನಡೆಯಿತು. ಮಿಸ್ತ್ರಿ ಕಾರಿನ ಕೆಳಗೆ ಮಲಗುವರು, ನಾನು ಮೇಲೆ ಕುರ್ಚಿ ಹಾಕಿಕೊಂಡು ಕುಳಿತು ತತ್ವ ಹೇಳುವೆ. ನಡುವೆ ಎರಡು ಸಣ್ಣ ಅಡಚಣೆಗಳು ಬಂದವು. ಇಂಜಿನ್ನಿನ ತಲೆ ಬಲಕ್ಕೆ ಚಾಚಿ ಸ್ಟೇರಿಂಗಿನ ರಾಡಿಗೆ ಬಡಿಯುತ್ತಿತ್ತು. ರಾಡು ಕೊಯ್ದು ಜೋಡು ಹಾಕಬೇಕು, ಎಂಟು ದಿನ ಹಿಡಿಯುತ್ತದೆ ಎಂದರು ಮಿಸ್ತ್ರಿ. ನಾನು ಒಂದು ಕ್ಷಣ ವಿಚಾರ ಮಾಡಿ, "ಎಂಟು ದಿನ ಯಾಕ್ರಿ? ಇಂಜಿನ್ನ ಹಿಂದಮುಂದ ತಿರುವಿ ಕೂಡಸ್ರಿ. ತಲಿ ಎಡಕ್ಕ ಬರ್ತೈತಿ. ಇಂಜಿನ್ನಿಗೆ ಎರಡೂ ಬದಿಗೆ ಚಕ್ರ ಅದಾವು, ಯಾವ ಚಕ್ರಕ್ಕ ಗೇರ್‌ಬಾಕ್ಸ್ ಹಚ್ಚಿದ್ರೇನು?" ಎಂದೆ.

ಮಿಸ್ತ್ರಿ ಕೆಳಗಿನಿಂದ ತಲೆ ಹೊರಗೆ ಹಾಕಿ, "ಸರ, ತಿರುವಿದ್ರ ಅದು..." ಎಂದರು.

"ಭಾರ ಹೆಚ್ಚುಕಡಿಮಿ ಆಗೂದಿಲ್ಲ. ನಾ ಲೆಕ್ಕ ಮಾಡೇನಿ" ಎಂದೆ. ಅವರು ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡರು.

ಎರಡನೆಯ ಅಡಚಣೆಯೆಂದರೆ ಹಳೆಯ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರಿನ ಹಲ್ಲು ಸವೆದು ನುಣ್ಣಗಾಗಿದ್ದದ್ದು. "ಇರಲಿ ಬಿಡ್ರಿ, ರೇಸಿನ ಕಾರು ಹಿಂದಕ್ಕ ಯಾಕ ಹೋಗಬೇಕು?" ಎಂದೆ. ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಆ ದಿನ ಮನೆಗೆ ಬಂದವರಿಗೆಲ್ಲ ಹೇಳಿದೆ. ಇನ್ನು ಹೊರಡುವ ಹಿಂದಿನ ದಿನ ಮಿಸ್ತ್ರಿ, "ಸರ, ಒಂದ ಸಲ ಹಿತ್ತಲದಾಗ ಚಾಲೂ ಮಾಡಿ, ಗೇರ್ ಹಾಕಿ ನೋಡೂಣ್ರಿ. ಯಾಕಂದ್ರ..." ಎಂದರು. "ತತ್ವ ಬರೋಬ್ಬರಿ ಇದ್ರ ಟ್ರಯಲ್ ಬೇಕಾಗೂದಿಲ್ಲ" ಎಂದು ಅವರನ್ನು ಚಹಾಕ್ಕೆ ಕರೆದೊಯ್ದೆ.

ಮಿರಗ ಕೂಡಲು ಇನ್ನೆರಡು ದಿನವಿತ್ತು. ಶೆಡ್ಡಿನಿಂದ ಕಾರನ್ನು ನೂಕಿ ಬಾಗಿಲ ಮುಂದೆ ತಂದು ನಿಲ್ಲಿಸಿದಾಗ ಓಣಿಗೆ ಓಣಿಯೇ ನೆರೆದಿತ್ತು. ಶ್ರೀಶೈಲ ಗುಜರಿಯವನನ್ನೂ ಕರೆಸಿ ಕಟ್ಟೆಯ ಮೇಲೆ ಕೂಡಿಸಿದ್ದ. ಕಾಯಿ ಒಡೆದೆವು. ಮಿಸ್ತ್ರಿ ಹ್ಯಾಂಡಲ್ ತಿರುವಿದರು. ಕಾರಿನ ಮೂತಿಯೊಳಗಿಂದ ನಮ್ಮ ಮೋರಟಗಿಯ ಹೊಲ ಟುಕ್ ಟುಕ್ ಟುಕ್ ಎಂದು ಮಾತಾಡತೊಡಗಿತು. "ವಕೀಲ್ ಸಾಹೇಬ್ರ, ನೀರು ಯಾವ ಹೊಲಕ್ಕ ಬಿಟ್ಟೀರಿ?" ಎಂದು ಯಾರೋ ಕೂಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ಸ್ಟೇರಿಂಗ್ ಹಿಡಿದು ಕುಳಿತು, ಜನರ ಕಡೆಗೆ ಒಮ್ಮೆ ಕೈಯೆತ್ತಿ, ಒಂದನೆಯ ಗೇರು ಹಾಕಿ, ಕ್ಲಚ್ಚು ಬಿಟ್ಟೆ.

ಕಾರು ಹಿಂದಕ್ಕೆ ಹೋಯಿತು.

ಅದೂ ಸುಮ್ಮನೆ ಹೋಗಲಿಲ್ಲ, ಜೋರಾಗಿಯೇ ಹೋಗಿ ಎದುರು ಮನೆಯವರ ಜೋಳದ ಕಣಿಕೆಯ ಬಣವೆಗೆ ಅಂಡು ಗುದ್ದಿ ನಿಂತಿತು. ತಪ್ಪು ಗೇರು ಬಿದ್ದಿರಬೇಕೆಂದು ಎರಡನೆಯದು ಹಾಕಿದೆ. ಬಣವೆಯೊಳಗೆ ಇನ್ನಷ್ಟು ಹೊಕ್ಕಿತು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಗಡಿಯಾರದ ಮುಳ್ಳು ಮುಂದಿನಿಂದ ನೋಡುವವನಿಗೆ ಬಲಕ್ಕೆ ತಿರುಗಿದರೆ, ಅದರ ಬೆನ್ನ ಹಿಂದೆ ನಿಂತವನಿಗೆ ಎಡಕ್ಕೆ ತಿರುಗುತ್ತದೆ. ಇದನ್ನು ನಾನು ಪ್ರತಿ ವರ್ಷ ಕರಿ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಇಂಜಿನ್ನನ್ನು ನಾನು ತಿರುವಿ ಕೂಡಿಸಿದ್ದರಿಂದ ಗಾಲಿಗಳೆಲ್ಲ ಉಲ್ಟಾ ತಿರುಗುತ್ತಿದ್ದವು. ಮುಂದಕ್ಕೆ ಹೋಗುವ ನಾಲ್ಕು ಗೇರುಗಳೂ ಈಗ ಹಿಂದಕ್ಕೆ. ಮುಂದೆ ಹೋಗಲು ಇದ್ದದ್ದು ರಿವರ್ಸ್ ಗೇರು ಒಂದೇ, ಅದರ ಹಲ್ಲು ಸವೆದಿದ್ದವು. ಮಿಸ್ತ್ರಿ ಬಂದು ಅದನ್ನು ಹಾಕಿ ನೋಡಿದರು. ಕಟಕಟ ಎಂದಿತು ಅಷ್ಟೇ.

ನಗೆ ಶುರುವಾಯಿತು. ಶ್ರೀಶೈಲ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಜರಿಯವನು ಎದ್ದು ಧೂಳು ಝಾಡಿಸಿಕೊಂಡ. ತಲೆಯ ಮೇಲೆ ಕಣಿಕೆ ಹೊತ್ತು ಕುಳಿತಿದ್ದ ನನಗೆ ನನ್ನ ಮರ್ಯಾದೆಯ ಚಿಂತೆ ಆಗ ಬರಲಿಲ್ಲ, ನಿಜ ಹೇಳುತ್ತೇನೆ. ಮಾವನವರ ಮುಖವನ್ನು ಹೇಗೆ ನೋಡಲಿ ಎಂಬುದೊಂದೇ ಸಂಕಟ. ಅವರು ಅಂದು ಇಸ್ತ್ರಿ ಮಾಡಿದ ಧೋತರ ಉಟ್ಟು, ಹಳೆಯ ಕರಿ ಕೋಟು ತೊಟ್ಟು ಬಂದಿದ್ದರು.

ಅವರು ನಿಧಾನ ಮೆಟ್ಟಿಲಿಳಿದು ಬಂದು ಮಗನ ಮುಂದೆ ನಿಂತರು. "ಶ್ರೀಶೈಲಾ, ಶರತ್ತಿನ್ಯಾಗ ಏನಿತ್ತು? ತನ್ನ ಇಂಜಿನ್ ಮ್ಯಾಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಹೊಳ್ಳಿ ಮನಿಗೆ ಬರಬೇಕು. ಹೌದಿಲ್ಲೋ?"

"ಹೌದ್ರಿ" ಎಂದ ಅವನು, ನಗುತ್ತಲೇ.

"ಮಾರಿ ಯಾವ ಕಡೆ ಇರಬೇಕು ಅಂತ ಇತ್ತೇನು?"

ಶ್ರೀಶೈಲನ ನಗೆ ನಿಂತಿತು. "ಇ...ಲ್ರಿ."

"ಮತ್ತ ಯಾಕ ನಗತಿ? ಬಾಜೂ ಸರಿ" ಎಂದು ಅವರು ನನ್ನ ಕಡೆ ತಿರುಗಿದರು. "ಅಳಿಯಾರ, ಆ ಸೀಟಿಗೆ ಸರೀರಿ. ಗಾಡಿ ನಾ ಹೊಡೀತೇನಿ. ನನ್ನ ಕುತ್ತಿಗಿ ತಿರುಗೂದಿಲ್ಲ, ಹಿಂದ ನೋಡೂದು ನಿಮ್ಮ ಕೆಲಸ."

ಅವರ ಕೊರಳಿಗೆ ಡಾಕ್ಟರು ಪಟ್ಟಿ ಕಟ್ಟಿದ್ದು ಊರಿಗೇ ಗೊತ್ತಿತ್ತು. ಓಣಿಯವರು ಕಾರನ್ನು ಬಣವೆಯಿಂದ ಎಳೆದು, ಅದರ ಅಂಡನ್ನು ಬಸ್‌ಸ್ಟ್ಯಾಂಡಿನ ಕಡೆಗೆ ಮಾಡಿ ನಿಲ್ಲಿಸಿದರು. ಮಾವನವರು ನೇರ ಮುಂದೆ ನೋಡುತ್ತ ಕುಳಿತರು, ನಾನು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಮುಖ ಮಾಡಿ ಕುಳಿತೆ. ಮೆರವಣಿಗೆ ಹೊರಟಿತು. "ಎಡಕ್ಕ!" ಎಂದು ಕೂಗಿದೆ. ನನ್ನ ಎಡ ಅವರ ಬಲ. ಬಾಳೆಹಣ್ಣಿನ ಗಾಡಿ ಒಂದು ಗೇಣಿನಲ್ಲಿ ಉಳಿಯಿತು. "ಯಾರ ಎಡಕ್ರಿ?" ಎಂದು ಅವರು ಗದರಿದರು. ಆಮೇಲೆ ನಾನು ಭೌತಶಾಸ್ತ್ರ ಬಿಟ್ಟು, "ಗಿರಣಿ ಕಡೆ!", "ದವಾಖಾನಿ ಕಡೆ!", "ಆ ಎಮ್ಮಿ ಬಿಟ್ಟು ಯಾವ ಕಡೆನಾದ್ರೂ!" ಎಂದು ಕೂಗಿದೆ. ಹುಟ್ಟಿದ ಊರನ್ನು ಕಣ್ಣು ಮುಚ್ಚಿ ಬಲ್ಲ ಮನುಷ್ಯ, ಒಂದೂ ತಪ್ಪಲಿಲ್ಲ. ಬಸ್‌ಸ್ಟ್ಯಾಂಡಿನ ಬಯಲಲ್ಲಿ ಒಂದು ದೊಡ್ಡ ಸುತ್ತು ಹಾಕಿದೆವು. ಹೊರಟಿದ್ದ ಮುದ್ದೇಬಿಹಾಳದ ಬಸ್ಸನ್ನು ಡ್ರೈವರ್ ನಿಲ್ಲಿಸಿಕೊಂಡು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಸಲಾಮು ಹೊಡೆದ. ವಾಪಸು ಬರುವಾಗ ಮಾವನವರು ನನ್ನನ್ನು ಕೇಳದೆ ಮೂರನೆಯ ಗೇರು ಹಾಕಿದರು. "ಮಾವಾರ, ಸಾವಕಾಶ!" ಎಂದೆ. "ನಿಮ್ಮ ಅತ್ತಿನೂ ಹಿಂಗ ಒದರ್ತಿದ್ಲು" ಎಂದರು. ಹೊರಳಿ ನೋಡಿದೆ. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗಾಳಿಗೆ ಬಂದದ್ದು ಎನ್ನೋಣವೆಂದರೆ, ಹಿಂದಕ್ಕೆ ಹೋಗುವ ಕಾರಿನಲ್ಲಿ ಗಾಳಿ ಬೆನ್ನಿಗೆ ಬಡಿಯುತ್ತದೆ, ಮುಖಕ್ಕಲ್ಲ. ನಾನು ಲಗುಬಗೆಯಿಂದ ಮತ್ತೆ ಎಮ್ಮೆಗಳ ಕಡೆ ಲಕ್ಷ್ಯ ಕೊಟ್ಟೆ.

ಶ್ರೀಶೈಲ ಮಾತಿಗೆ ತಪ್ಪುವವನಲ್ಲ. ಗೊಬ್ಬರಕ್ಕೆ ಗಿರಣಿಯ ಹಿಂದೆ ಬೇರೆ ಜಾಗ ನೋಡಿದ. ಮಿಸ್ತ್ರಿ ಎಂಟು ದಿನ ತೆಗೆದುಕೊಂಡು, ರಾಡು ಕೊಯ್ದು ಜೋಡು ಹಾಕಿ, ಇಂಜಿನ್ನನ್ನು ಸರಿಯಾಗಿ ತಿರುವಿ ಕೂಡಿಸಿದರು. ಈಗ ಕಾರು ಎಲ್ಲರ ಕಾರಿನಂತೆ ಮುಂದಕ್ಕೇ ಹೋಗುತ್ತದೆ. ಆ ಕೆಲಸದ ಕೊನೆಯ ದಿನ ನಾನು ಮಿಸ್ತ್ರಿಯನ್ನು, "ಖರೇ ಹೇಳ್ರಿ, ಉಲ್ಟಾ ತಿರಗತೈತಿ ಅಂತ ನಿಮಗ ಮೊದಲ ಗೊತ್ತಿತ್ತಿಲ್ಲೋ?" ಎಂದು ಕೇಳಿದೆ.

"ಗೊತ್ತಿತ್ರಿ ಸರ."

"ಮತ್ತ ಹೇಳಬೇಕಿಲ್ಲೇನ್ರಿ?"

"ಎರಡು ಸಲ ಬಾಯಿ ತಗದಿದ್ನಿರಿ" ಎಂದರು ಮಿಸ್ತ್ರಿ, ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ. "ಎರಡೂ ಸಲ ಮಾತು ನೀವ ಮುಗಿಸಿದ್ರಿ."

ಮಾವನವರು ಮಾತ್ರ ಬಂದವರಿಗೆಲ್ಲ, "ಅಳಿಯಾರು ಬೇಕಂತನ ಹಂಗ ಕೂಡಿಸಿದ್ರು, ನನಗ ಕೇಸ್ ಗೆಲ್ಲಾಕ ಜಾಗಾ ಇರಲಿ ಅಂತ" ಎಂದು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಒಳಗಿನ ಕೋಣೆಯಿಂದ ಸುವರ್ಣಾ ಕೆಮ್ಮುತ್ತಾಳೆ. ಈ ಸುದ್ದಿ ಹಬ್ಬಿ, ಮೊನ್ನೆ ಇಂಡಿಯಿಂದ ಒಬ್ಬರು ಹಳೆಯ ಜೀಪಿಗೆ ಇಂಜಿನ್ನು ಕೂಡಿಸಬೇಕೆಂದು ನನ್ನನ್ನೇ ಹುಡುಕಿಕೊಂಡು ಸಿಂದಗಿಗೆ ಬಂದಿದ್ದರು. ನಾನು ಅಳತೆಯ ಟೇಪು ಹಿಡಿದು ಹೊರಟಾಗ ಸುವರ್ಣಾ ಬಾಗಿಲಿಗೆ ಅಡ್ಡ ನಿಂತು, "ಏನ್ರಿ, ಈ ಸಲರೆ ಮಿಸ್ತ್ರಿ ಹೇಳೂದು ಪೂರಾ ಕೇಳ್ರಿ" ಎಂದಳು. ಕೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಖಂಡಿತ ಕೇಳುತ್ತೇನೆ. ನಾನು ಹೇಳುವುದು ಮುಗಿಯಲಿ.